ಇನ್ನೊಬ್ಬರ ಹಾಳೆಯ ಮೇಲೆ ಉಳಿದ ಸಾಹಿತ್ಯ

ಉತ್ತರ ಸ್ಪೇನಿನ ಲೆಯೋನ್ ನಗರದ ಕೆಥೆಡ್ರಲ್ ದಫ್ತರದಲ್ಲಿ ಒಂದು ತೊಗಲಿನ ಹಾಳೆ ಇದೆ. ಮುಂಬದಿಯಲ್ಲಿರುವುದು 959ನೇ ಇಸವಿಯ ಲ್ಯಾಟಿನ್ ದಾನಪತ್ರ. ಮಗುಚಿ ನೋಡಿದರೆ ಹಿಂಬದಿಯಲ್ಲಿ ಚೀಸಿನ ಲೆಕ್ಕ. ರೊಸುವೇಲಾ ಎಂಬಲ್ಲಿದ್ದ ಮಠದ ಹಿಮೇನೊ ಎಂಬ ಸನ್ಯಾಸಿ, ಸುಮಾರು 980ರ ಹೊತ್ತಿಗೆ, ಯಾವುದಕ್ಕೆ ಎಷ್ಟು ಚೀಸ್ ಖರ್ಚಾಯಿತೆಂದು ಅಲ್ಲಿ ಬರೆದಿಟ್ಟಿದ್ದಾನೆ. ದ್ರಾಕ್ಷಿತೋಟದಲ್ಲಿ ದುಡಿದವರಿಗೆ ಇಷ್ಟು, ಅರಸ ಬಂದಾಗ ಇಷ್ಟು. ತೊಗಲು ದುಬಾರಿ, ಉಗ್ರಾಣದ ಲೆಕ್ಕಕ್ಕೆಂದು ಯಾರೂ ಹೊಸ ಹಾಳೆ ಕೊಡರು. ಹಾಗಾಗಿ ಹಳೆಯ ಪತ್ರದ ಬೆನ್ನಿಗೆ ಬರೆದ. ದಾನಪತ್ರ ಬರೆದವನಿಗೆ ಲ್ಯಾಟಿನ್ ವ್ಯಾಕರಣದ ಹಂಗಿತ್ತು, ಇವನಿಗೆ ಅದರ ಗೊಡವೆ ಇರಲಿಲ್ಲ. ಬಾಯಲ್ಲಿ ಆಡುವ ಮಾತಿಗೆ ಹತ್ತಿರವಾದ ಭಾಷೆಯಲ್ಲೇ ಗೀಚಿದ. ಸ್ಪೇನಿನ ನೆಲದ ಆಡುಮಾತು ಬರಹಕ್ಕಿಳಿದ ಅತಿ ಹಳೆಯ ಕುರುಹುಗಳಲ್ಲಿ ಇದೂ ಒಂದೆಂದು ಭಾಷಾಚರಿತ್ರೆಕಾರರು ಇಂದು ಅದನ್ನು ಅಕ್ಷರ ಅಕ್ಷರವಾಗಿ ಓದುತ್ತಾರೆ.

ಅಲ್ಲಿಂದ ಪೂರ್ವಕ್ಕೆ, ಲಾ ರಿಯೋಹಾ ಪ್ರಾಂತದಲ್ಲಿ, ಸಾನ್ ಮಿಯಾನ್ ದೆ ಲಾ ಕೊಗೋಯಾ ಎಂಬ ಮಠವಿದೆ. ಬೆಟ್ಟದ ಮೇಲೆ ಹಳೆಯ ಸೂಸೊ, ಕಣಿವೆಯಲ್ಲಿ ಹೊಸ ಯೂಸೊ. ಎರಡೂ ಸೇರಿ 1997ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಇಲ್ಲಿದ್ದ ಒಂದು ಲ್ಯಾಟಿನ್ ಹಸ್ತಪ್ರತಿಯ ಸಾಲುಗಳ ನಡುವೆ ಮತ್ತು ಅಂಚುಗಳಲ್ಲಿ ಸುಮಾರು ಸಾವಿರ ಟಿಪ್ಪಣಿಗಳಿವೆ. ಉಪದೇಶದ ಲ್ಯಾಟಿನ್ ಅರ್ಥವಾಗದ ಕಡೆ ಸನ್ಯಾಸಿಯೊಬ್ಬ ಆಡುಮಾತಿನಲ್ಲಿ ಅರ್ಥ ಬರೆದುಕೊಂಡಿದ್ದಾನೆ. ಎರಡು ಟಿಪ್ಪಣಿಗಳು ಬಾಸ್ಕ್ ಭಾಷೆಯಲ್ಲಿವೆ. ನಮ್ಮಲ್ಲಿ ಸಂಸ್ಕೃತ ಶ್ಲೋಕಕ್ಕೆ ಅನ್ವಯ ಹಚ್ಚುವಂತೆ, ಯಾವ ಪದದ ಮುಂದೆ ಯಾವ ಪದ ಓದಬೇಕೆಂದು ಲ್ಯಾಟಿನ್ ಪದಗಳ ಮೇಲೆ ಅಕ್ಷರಗಳ ಗುರುತನ್ನೂ ಇಟ್ಟಿದ್ದಾನೆ. ಒಂದು ಪುಟದಲ್ಲಿ ಮಾತ್ರ ಅವನು ಅರ್ಥ ಹೇಳುವುದನ್ನು ದಾಟಿ, ಹನ್ನೆರಡು ಪುಟ್ಟ ಸಾಲುಗಳ ಒಂದು ಪ್ರಾರ್ಥನೆಯನ್ನೇ ತನ್ನ ಮಾತಿನಲ್ಲಿ ಬರೆದಿದ್ದಾನೆ. ಇದನ್ನು 977ನೇ ಇಸವಿಯದೆಂದು ಎಣಿಸಿ 1977ರಲ್ಲಿ ಸ್ಪ್ಯಾನಿಷ್ ಭಾಷೆಯ ಸಹಸ್ರಮಾನೋತ್ಸವ ನಡೆಯಿತು. ಈಗಿನ ವಿದ್ವಾಂಸರಲ್ಲಿ ಹಲವರು ಅದು ಹನ್ನೊಂದನೆಯ ಶತಮಾನದ್ದೆನ್ನುತ್ತಾರೆ. ಅದರ ಭಾಷೆಯೂ ನೇರ ಕಸ್ತೀಲಿಯನ್ ಅಲ್ಲ, ನವಾರ ಮತ್ತು ಅರಗೋನ್ ಕಡೆಯ ಮಾತಿಗೆ ಹತ್ತಿರದ್ದು.

ಆರಂಭದ ಸ್ಪ್ಯಾನಿಷ್ ಸಾಹಿತ್ಯವನ್ನು ಓದಹೊರಟವನಿಗೆ ಮತ್ತೆ ಮತ್ತೆ ಎದುರಾಗುವ ಸಂಗತಿ ಇದು. ಈ ಭಾಷೆಗೆ ಮೊದಮೊದಲು ತನ್ನದೆಂಬ ಹಾಳೆಯೇ ಇರಲಿಲ್ಲ. ದಾನಪತ್ರದ ಬೆನ್ನು, ಲ್ಯಾಟಿನ್ ಪುಸ್ತಕದ ಅಂಚು, ಅರಬ್ಬಿ ಪದ್ಯದ ಬಾಲ, ಹೀಬ್ರೂ ಲಿಪಿ, ಬಟ್ಟೆ ಒಗೆಯುವ ಹೆಂಗಸಿನ ನೆನಪು, ಹೀಗೆ ಇನ್ನೊಬ್ಬರ ಜಾಗದಲ್ಲಿ ಅದು ಉಳಿದುಕೊಂಡಿತು. ಆದ್ದರಿಂದ ಸಾಹಿತ್ಯ ಒಂದು ಕಡೆ, ಸಾಂಸ್ಕೃತಿಕ ಹಿನ್ನೆಲೆ ಇನ್ನೊಂದು ಕಡೆ ಎಂದು ಇಲ್ಲಿ ಬೇರೆ ಮಾಡಲು ಬರುವುದಿಲ್ಲ. ಹಿನ್ನೆಲೆ ಎನ್ನಿಸಿಕೊಂಡ ಅರಬ್ಬಿ ಮತ್ತು ಹೀಬ್ರೂಗಳನ್ನು ಬದಿಗಿಟ್ಟರೆ ಸಾಹಿತ್ಯದ ಮೊದಲ ಪುಟಗಳೇ ಕಳೆದುಹೋಗುತ್ತವೆ. ಇದು ನನ್ನ ಖಚಿತ ಅಭಿಪ್ರಾಯ, ಮತ್ತು ಇದಕ್ಕೆ ಅತ್ಯಂತ ಬಲವಾದ ಸಾಕ್ಷಿ ಖರ್ಜಾಗಳು.

711ರಲ್ಲಿ ಅರಬರು ಮತ್ತು ಬರ್ಬರರು ಜಲಸಂಧಿ ದಾಟಿ ಬಂದ ಮೇಲೆ ಐಬೀರಿಯದ ಬಹುಭಾಗ ಅಲ್ ಅಂದಲೂಸ್ ಆಯಿತು. ಆಡಳಿತದ ಮತ್ತು ಕಾವ್ಯದ ಭಾಷೆ ಅರಬ್ಬಿ. ಮನೆಯಲ್ಲಿ, ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ ಮಾತ್ರ ಲ್ಯಾಟಿನ್ನಿನಿಂದ ಒಡೆದುಬಂದ ಆಡುಮಾತು ಬಹುಕಾಲ ಬಾಳಿತು. ಮುಸ್ಲಿಮರೂ ಯಹೂದಿಗಳೂ ಕ್ರೈಸ್ತರೂ ಅದನ್ನು ಆಡುತ್ತಿದ್ದರು. ಸುಮಾರು 900ರ ಹೊತ್ತಿಗೆ ಕೊರ್ದೊಬಾ ಬಳಿಯ ಕಬ್ರಾ ಎಂಬ ಊರಿನ ಕವಿಯೊಬ್ಬ ಮುವಶ್ಶಹ ಎಂಬ ಹೊಸ ಪದ್ಯಬಂಧ ಕಟ್ಟಿದನೆಂದು ಅರಬ್ಬಿ ಗ್ರಂಥಗಳು ಹೇಳುತ್ತವೆ. ಈ ಪದ್ಯದ ಮೈಯೆಲ್ಲ ಶಿಷ್ಟ ಅರಬ್ಬಿ, ಯಹೂದಿ ಕವಿಗಳ ಕೈಯಲ್ಲಿ ಹೀಬ್ರೂ. ಕೊನೆಯ ಎರಡು ಮೂರು ಸಾಲು ಮಾತ್ರ ಬೀದಿಯ ಮಾತು, ಒಮ್ಮೆ ಆಡುಅರಬ್ಬಿ, ಒಮ್ಮೆ ರೊಮಾನ್ಸ್ ಎಂದು ಕರೆಯುವ ಆ ಆಡುಮಾತು. ಈ ಬಾಲಕ್ಕೆ ಖರ್ಜಾ ಎಂದು ಹೆಸರು. ಅದು ಹೆಚ್ಚಾಗಿ ಹೆಣ್ಣಿನ ದನಿ. ನಲ್ಲ ಬರಲಿಲ್ಲ, ಏನು ಮಾಡಲಿ ಎಂದು ಹುಡುಗಿಯೊಬ್ಬಳು ತಾಯಿಯ ಹತ್ತಿರವೋ ಗೆಳತಿಯರ ಹತ್ತಿರವೋ ಹೇಳಿಕೊಳ್ಳುತ್ತಾಳೆ. ಮೇಲಿನ ಸಾಲುಗಳಲ್ಲಿ ಪಂಡಿತ ಕವಿ ಯಾವುದೋ ಅಧಿಕಾರಿಯನ್ನು ಹೊಗಳುತ್ತಿರುತ್ತಾನೆ. ಕೊನೆಗೆ ಬಂದಾಗ ಈ ಹುಡುಗಿಗೆ ಬಾಯಿ ಬಿಟ್ಟುಕೊಡುತ್ತಾನೆ. ಈಜಿಪ್ಟಿನ ಇಬ್ನ್ ಸನಾ ಅಲ್ ಮುಲ್ಕ್ ಎಂಬ ಲಾಕ್ಷಣಿಕ ಖರ್ಜಾವನ್ನೇ ಮೊದಲು ಇಟ್ಟುಕೊಂಡು ಉಳಿದ ಪದ್ಯವನ್ನು ಅದರ ಮೇಲೆ ಕಟ್ಟಬೇಕೆಂದು ವಿಧಿಸಿದ್ದಾನೆ. ಅಂದರೆ ಪದ್ಯದ ಬುನಾದಿ ಆ ಬೀದಿಯ ಹಾಡೇ.

ಕಣ್ಣೆದುರೇ ಇದ್ದರೂ ಈ ರೊಮಾನ್ಸ್ ಸಾಲುಗಳು ಶತಮಾನಗಳ ಕಾಲ ಯಾರಿಗೂ ಅರ್ಥವಾಗಲಿಲ್ಲ. ಅರಬ್ಬಿ, ಹೀಬ್ರೂ ಲಿಪಿಗಳಲ್ಲಿ ಸ್ವರಚಿಹ್ನೆಗಳನ್ನು ಬಿಟ್ಟು ಬರೆಯುವುದೇ ರೂಢಿ. ನಕಲು ಮಾಡಿದ ಪೂರ್ವದೇಶದ ಲಿಪಿಕಾರರಿಗೆ ಆ ಭಾಷೆಯ ಗಂಧಗಾಳಿ ಇರಲಿಲ್ಲ. 1948ರಲ್ಲಿ ಸ್ಯಾಮ್ಯುಯೆಲ್ ಸ್ಟರ್ನ್ ಎಂಬ, ಇನ್ನೂ ಮೂವತ್ತು ತುಂಬದ ವಿದ್ವಾಂಸ, ಹೀಬ್ರೂ ಮುವಶ್ಶಹಗಳ ತುದಿಯಲ್ಲಿದ್ದ ಇಪ್ಪತ್ತು ಖರ್ಜಾಗಳನ್ನು ಹಳೆಯ ಸ್ಪ್ಯಾನಿಷ್ ಆಗಿ ಓದಿ ಪ್ರಕಟಿಸಿದ. 1952ರಲ್ಲಿ ಎಮಿಲಿಯೊ ಗಾರ್ಸಿಯಾ ಗೋಮೆಸ್ ಅರಬ್ಬಿ ಪದ್ಯಗಳಿಂದ ಇನ್ನಷ್ಟನ್ನು ತೆಗೆದುಕೊಟ್ಟರು. ಇಂದು ಅರವತ್ತಕ್ಕೂ ಹೆಚ್ಚು ತಿಳಿದಿವೆ. ಹಳೆಯವು ಹನ್ನೊಂದನೆಯ ಶತಮಾನದ ಮೊದಲರ್ಧದವು. ಸ್ಪ್ಯಾನಿಷ್ ಕಾವ್ಯ ವೀರನ ಕತ್ತಿಯಿಂದ ಶುರುವಾಯಿತೆಂದು ಪಾಠ ಹೇಳುತ್ತಿದ್ದವರು ಒಮ್ಮೆಲೇ ಅದಕ್ಕಿಂತ ಹಿಂದಿನ ಪ್ರೇಮದ ಹಾಡುಗಳನ್ನು ಎದುರಿಸಬೇಕಾಯಿತು. ಓದಿನ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಆಕ್ಸ್‌ಫರ್ಡಿನ ಅಲನ್ ಜೋನ್ಸ್ 1988ರಲ್ಲಿ ಅರಬ್ಬಿ ಹಸ್ತಪ್ರತಿಗಳ ಚಿತ್ರಗಳನ್ನೇ ಅಚ್ಚುಹಾಕಿ, ಎಷ್ಟೋ ಕಡೆ ಅಕ್ಷರಗಳಿಗೆ ಇಲ್ಲದ ಅರ್ಥವನ್ನು ಹೊರಿಸಲಾಗಿದೆ ಎಂದು ತೋರಿಸಿದರು. ಆ ಎಚ್ಚರ ಬೇಕಾದದ್ದೇ. ಆದರೂ ಎಲ್ಲವನ್ನೂ ಸಂಶಯಕ್ಕೆ ಬಿಟ್ಟುಕೊಟ್ಟ ಮೇಲೂ ಉಳಿಯುವ ಸಾಲುಗಳಿವೆ. ಅವುಗಳಲ್ಲಿ ತಾಯಿಯನ್ನು ಕರೆಯುವ ಹುಡುಗಿಯ ದನಿ ಸ್ಪಷ್ಟವಾಗಿಯೇ ಕೇಳುತ್ತದೆ.

ಆ ಹೀಬ್ರೂ ಪದ್ಯಗಳ ಕವಿಗಳಲ್ಲಿ ದೊಡ್ಡವನು ಯೆಹೂದಾ ಹಲೇವಿ. ಹನ್ನೊಂದನೆಯ ಶತಮಾನದ ಕೊನೆಯ ಭಾಗದಲ್ಲಿ ತುದೇಲಾದಲ್ಲಿ ಹುಟ್ಟಿ 1141ರಲ್ಲಿ ಪವಿತ್ರಭೂಮಿಯ ಯಾತ್ರೆಯಲ್ಲಿ ತೀರಿಕೊಂಡವನು. ಕಸ್ತೀಲಿಯದ ದೊರೆ ಆರನೆಯ ಅಲ್ಫೊನ್ಸೊನ ಯಹೂದಿ ವೈದ್ಯ ಗ್ವಾದಲಹಾರಾಕ್ಕೆ ಬಂದಾಗ ಇವನು ಬರೆದ ಸ್ವಾಗತ ಪದ್ಯ ರೊಮಾನ್ಸ್ ಖರ್ಜಾದಲ್ಲಿ ಮುಗಿಯುತ್ತದೆ. ಹಲೇವಿಯ ಬದುಕಿನ ಬಗ್ಗೆ ಖಚಿತವಾಗಿ ತಿಳಿದದ್ದರಲ್ಲಿ ಬಹಳಷ್ಟು ಬಂದದ್ದು ಕೈರೋದ ಗೆನಿಜಾದಿಂದ. ಫುಸ್ತಾತಿನ ಬೆನ್ ಎಜ್ರಾ ಯಹೂದಿ ಮಂದಿರದಲ್ಲಿ, ದೇವರ ಹೆಸರಿರಬಹುದಾದ ಹಾಳೆಯನ್ನು ಹರಿದು ಎಸೆಯಬಾರದೆಂದು ಶತಮಾನಗಳಿಂದ ತುಂಬಿಟ್ಟಿದ್ದ ಕಾಗದದ ಕೋಣೆ ಅದು. ಹಲೇವಿ ಸ್ವಂತ ಕೈಯಲ್ಲಿ ಬರೆದ ಪತ್ರಗಳೂ ಅಲ್ಲಿ ಸಿಕ್ಕಿವೆ. ಆ ಪತ್ರಗಳು ಹೋದದ್ದು ಹಲ್ಫೋನ್ ಬೆನ್ ನೆತಾನೆಲ್ ಎಂಬ ಗೆಳೆಯನಿಗೆ. ಅವನು ಸ್ಪೇನಿಗೂ ಭಾರತಕ್ಕೂ ಓಡಾಡುತ್ತಿದ್ದ ವ್ಯಾಪಾರಿ.

ಕನ್ನಡದ ಓದುಗ ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಅದೇ ಕೋಣೆಯ ಅದೇ ಕಾಗದಗಳ ರಾಶಿಯಲ್ಲಿ ನಮ್ಮ ಮಂಗಳೂರೂ ಇದೆ. 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆನಿಂತು, 1149ರವರೆಗೆ ಮಲಬಾರ್ ಕರಾವಳಿಯಲ್ಲಿ ವ್ಯಾಪಾರ ಮಾಡಿದ ಅಬ್ರಹಾಂ ಬೆನ್ ಯಿಜು, ಅವನು ದಾಸ್ಯದಿಂದ ಬಿಡುಗಡೆಯ ಪತ್ರ ಬರೆದುಕೊಟ್ಟ ಅಶು ಎಂಬ ಹೆಣ್ಣು, ಅವನ ವ್ಯವಹಾರ ನೋಡಿಕೊಂಡು ಏಡನ್ನಿಗೆ ಹೋಗಿಬರುತ್ತಿದ್ದ ಬೊಮ್ಮ, ಇವರೆಲ್ಲ ನಮಗೆ ತಿಳಿದದ್ದು ಗೆನಿಜಾ ಪತ್ರಗಳಿಂದ, ಗೊಯ್ಟೈನ್ ಎಂಬ ವಿದ್ವಾಂಸ ಬಾಳೆಲ್ಲ ಕೂತು ಓದಿದ್ದರಿಂದ. ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ಬೊಮ್ಮನನ್ನು ಹುಡುಕಿಕೊಂಡು ತುಳುನಾಡಿಗೆ ಬಂದದ್ದೂ ಆ ಕಾಗದಗಳ ಬೆನ್ನು ಹತ್ತಿಯೇ. ಸ್ಪೇನಿನ ಕವಿ ಮತ್ತು ಮಂಗಳೂರಿನ ಬೊಮ್ಮ ಸಮಕಾಲೀನರು. ಒಂದೇ ವ್ಯಾಪಾರಿ ಜಾಲದ ಎರಡು ತುದಿಗಳಲ್ಲಿ ಬದುಕಿದವರು.

ಸ್ಟರ್ನ್ ಲೇಖನ ಬಂದ 1948ರಲ್ಲೇ ಇನ್ನೊಂದು ಪುಸ್ತಕವೂ ಹೊರಬಂತು. ಸ್ಪೇನಿನ ಅಂತರ್ಯುದ್ಧದ ಹೊತ್ತಿನಲ್ಲಿ ದೇಶ ಬಿಟ್ಟಿದ್ದ ಅಮೇರಿಕೊ ಕಾಸ್ತ್ರೊ, ಸ್ಪೇನ್ ಎಂಬುದು ಕ್ರೈಸ್ತರು, ಮುಸ್ಲಿಮರು, ಯಹೂದಿಗಳು ಮೂವರೂ ಕೂಡಿ ಬಾಳಿದ್ದರಿಂದ ರೂಪುಗೊಂಡದ್ದೆಂದು ವಾದಿಸಿದರು. ಇನ್ನೊಬ್ಬ ದೇಶಭ್ರಷ್ಟ ಕ್ಲೌದಿಯೊ ಸಾಂಚೆಸ್ ಅಲ್ಬೊರ್ನೋಸ್ 1956ರಲ್ಲಿ ಎರಡು ಸಂಪುಟಗಳ ಉತ್ತರ ಬರೆದು, ಸ್ಪೇನಿನ ಜನಸ್ವಭಾವ ರೋಮನ್, ಗಾಥಿಕ್ ಕಾಲದಿಂದಲೇ ಹರಿದುಬಂದದ್ದೆಂದರು. ಇಬ್ಬರೂ ಸರ್ವಾಧಿಕಾರಿ ಫ್ರಾಂಕೊ ಆಡಳಿತಕ್ಕೆ ಬೇಡವಾಗಿದ್ದವರೇ; ಆದರೂ ಒಬ್ಬರನ್ನೊಬ್ಬರು ಕ್ಷಮಿಸಲಿಲ್ಲ. ಕಾಸ್ತ್ರೊ ಕೆಲವು ಕಡೆ ಅತಿಯಾಗಿ ಹೇಳಿದ್ದಾರೆ. ಮೂರು ಧರ್ಮದವರ ಸಹಬಾಳ್ವೆಯಲ್ಲಿ ತೆರಿಗೆ, ಅವಮಾನ, ಕೊಲೆಗಳೂ ಇದ್ದವು. 1066ರಲ್ಲಿ ಗ್ರನಾದಾದಲ್ಲಿ, 1391ರಲ್ಲಿ ಸೆವಿಯಾ ಮೊದಲಾದ ನಗರಗಳಲ್ಲಿ ಯಹೂದಿಗಳ ಕಗ್ಗೊಲೆ ನಡೆಯಿತು. ಆದರೂ ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಕಾಸ್ತ್ರೊ ಪಕ್ಷ. ಹಸ್ತಪ್ರತಿಗಳೇ ಅವರ ಪರವಾಗಿ ಸಾಕ್ಷಿ ಹೇಳುತ್ತವೆ.

ಇನ್ನು ಸ್ಪೇನ್ ತನ್ನ ಮೊದಲ ಮಹಾಕಾವ್ಯವೆಂದು ಎತ್ತಿಹಿಡಿಯುವ ಸಿದ್ ಕಾವ್ಯ. ಸಿದ್ ಎಂದು ಹೆಸರಾದ ರೊದ್ರಿಗೊ ದಿಯಾಸ್ ನಿಜವಾಗಿ ಬದುಕಿದ್ದವನು. ಬುರ್ಗೊಸ್ ಪಕ್ಕದ ವಿವಾರ್ ಅವನ ಊರೆಂದು ಪ್ರತೀತಿ. 1081ರಲ್ಲಿ ದೊರೆ ಅಲ್ಫೊನ್ಸೊ ಅವನನ್ನು ಗಡೀಪಾರು ಮಾಡಿದ. ಅವನು ಹೋಗಿ ಸರಗೋಸಾದ ಮುಸ್ಲಿಂ ಅರಸರ ಸೈನ್ಯದಲ್ಲಿ ವರ್ಷಗಟ್ಟಲೆ ದುಡಿದ. 1094ರಲ್ಲಿ ವಲೆನ್ಸಿಯಾ ಗೆದ್ದ, 1099ರಲ್ಲಿ ಅಲ್ಲೇ ಸತ್ತ. ಕಾವ್ಯ ಉಳಿದಿರುವುದು ಒಂದೇ ಒಂದು ಹಸ್ತಪ್ರತಿಯಲ್ಲಿ, 74 ಹಾಳೆ, ಮೂರು ಸಾವಿರದ ಏಳುನೂರಕ್ಕೂ ಮಿಕ್ಕಿದ ಸಾಲು. ಮೊದಲ ಹಾಳೆ ಇಲ್ಲ, ನಡುವೆ ಇನ್ನೆರಡು ಕಳೆದಿವೆ. ಕೊನೆಯಲ್ಲಿ ಪೆರ್ ಅಬ್ಬಾತ್ ಎಂಬವನು ಮೇ ತಿಂಗಳಲ್ಲಿ ಬರೆದನೆಂಬ ಮಾತೂ ಸ್ಪೇನಿನ ಹಳೆಯ ಶಕೆಯ 1245 ಎಂಬ ವರ್ಷವೂ ಇವೆ. ಆ ಶಕೆ ನಮ್ಮ ಇಸವಿಗಿಂತ 38 ವರ್ಷ ಮುಂದು, ಹಾಗಾಗಿ 1207. ಆದರೆ ನಮ್ಮ ಕೈಯಲ್ಲಿರುವ ಪ್ರತಿಯ ಅಕ್ಷರ ಹದಿನಾಲ್ಕನೆಯ ಶತಮಾನದ್ದು. ರೋಮನ್ ಅಂಕಿಗಳ ನಡುವೆ ಕೆರೆದಂತಿರುವ ಒಂದು ಖಾಲಿ ಜಾಗವಿದೆ. ಅಲ್ಲಿ ನೂರರ ಗುರುತು ಇತ್ತೇ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಹಸ್ತಪ್ರತಿ ಶತಮಾನಗಳ ಕಾಲ ವಿವಾರ್‌ನಲ್ಲಿ ಇತ್ತು. 1779ರಲ್ಲಿ ತೊಮಾಸ್ ಅಂತೋನಿಯೊ ಸಾಂಚೆಸ್ ಅಚ್ಚು ಹಾಕಿದಾಗ ಮೊದಲ ಬಾರಿಗೆ ಓದುವ ಜನಕ್ಕೆ ಸಿಕ್ಕಿತು. ಮಸುಕಾದ ಸಾಲುಗಳನ್ನು ಕಾಣಲು ರಾಸಾಯನಿಕ ಸವರಿ, ಕಾಲಕ್ರಮೇಣ ಹಾಳೆಗಳು ಇನ್ನಷ್ಟು ಕಪ್ಪಾದವು. 1960ರಲ್ಲಿ ಹ್ವಾನ್ ಮಾರ್ಚ್ ಪ್ರತಿಷ್ಠಾನ ಖಾಸಗಿ ಒಡೆತನದಿಂದ ಕೊಂಡು ಮ್ಯಾಡ್ರಿಡ್ಡಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಟ್ಟಿತು.

ಮೊದಲ ಹಾಳೆ ಹೋಗಿರುವುದರಿಂದ ಕಾವ್ಯ ಈಗ ತೆರೆದುಕೊಳ್ಳುವುದು ಅಳುವ ವೀರನಿಂದ. ಬಾಗಿಲು ತೆರೆದು ಬರಿದಾದ ತನ್ನ ಮನೆಯನ್ನು ಅವನು ತಿರುಗಿ ನೋಡುತ್ತಾನೆ. ಬುರ್ಗೊಸ್ ಪೇಟೆಗೆ ಬಂದರೆ ಯಾರೂ ಬಾಗಿಲು ತೆಗೆಯರು. ಅವನಿಗೆ ಜಾಗ ಕೊಟ್ಟವರ ಆಸ್ತಿಯನ್ನೂ ಕಣ್ಣನ್ನೂ ಕೀಳಿಸುತ್ತೇನೆಂದು ದೊರೆಯ ಓಲೆ ಬಂದಿದೆ. ಕೊನೆಗೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಹೊರಬಂದು, ನಮ್ಮ ಕೇಡಿನಿಂದ ನಿನಗೇನೂ ಲಾಭವಿಲ್ಲ, ಮುಂದಕ್ಕೆ ಹೋಗು ಎನ್ನುವ ಅರ್ಥದಲ್ಲಿ ತಿಳಿಹೇಳುತ್ತಾಳೆ. ಊರಿಗೆ ಊರೇ ಹೆದರಿ ಬಾಗಿಲು ಹಾಕಿಕೊಂಡಾಗ ಮಾತಾಡುವ ಧೈರ್ಯ ಬಂದದ್ದು ಮಗುವಿಗೆ. ಅವನು ಜಗಳಕ್ಕೆ ನಿಲ್ಲದೆ ಕುದುರೆ ತಿರುಗಿಸುತ್ತಾನೆ. ವೀರಕಾವ್ಯದಲ್ಲಿ ಇಂಥ ಸಂಯಮ ಅಪರೂಪ.

ಮುಂದೆಯೂ ಕಾವ್ಯ ನಾವು ನಿರೀಕ್ಷಿಸಿದಂತೆ ನಡೆಯುವುದಿಲ್ಲ. ಹಣವಿಲ್ಲದ ಸಿದ್ ಮರಳು ತುಂಬಿದ ಎರಡು ಪೆಟ್ಟಿಗೆಗಳನ್ನು ಚಿನ್ನವೆಂದು ನಂಬಿಸಿ ಬುರ್ಗೊಸಿನ ಲೇವಾದೇವಿಗಾರರಲ್ಲಿ ಒತ್ತೆ ಇಡುತ್ತಾನೆ. ಆ ಸಾಲ ತೀರಿಸಿದ ದೃಶ್ಯ ಕಾವ್ಯದಲ್ಲಿ ಎಲ್ಲೂ ಬರುವುದಿಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ. ಅವನ ಅತ್ಯಂತ ನಂಬಿಕೆಯ ಗೆಳೆಯ ಮೊಲೀನಾದ ಮುಸ್ಲಿಂ ಒಡೆಯ ಅಬೆಂಗಲ್ಬೋನ್. ಕಾವ್ಯದ ನೀಚರು ಕರಿಯೋನ್ ಮನೆತನದ ಕ್ರೈಸ್ತ ಕುಲೀನರು, ಸಿದ್‌ನ ಅಳಿಯಂದಿರೇ. ಹೆಂಡಂದಿರನ್ನು ಕಾಡಿನಲ್ಲಿ ಬಡಿದು ಬಿಟ್ಟುಹೋದವರು. ಅಪ್ಪ ಕತ್ತಿ ಹಿಡಿದು ನೇರ ಅವರ ಮೇಲೆ ಬೀಳುತ್ತಾನೆಂದು ನಾವು ಕಾಯುತ್ತೇವೆ. ಅವನು ದೊರೆಯ ಮುಂದೆ ದೂರು ಕೊಡುತ್ತಾನೆ. ತೊಲೇದೊದಲ್ಲಿ ನ್ಯಾಯಸಭೆ ಸೇರುತ್ತದೆ. ಮೊದಲು ತಾನು ಕೊಟ್ಟ ಕತ್ತಿಗಳನ್ನು, ಆಮೇಲೆ ವರದಕ್ಷಿಣೆಯ ಹಣವನ್ನು, ಕೊನೆಗೆ ಮಾನವನ್ನು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೇಳಿ ವಸೂಲು ಮಾಡುತ್ತಾನೆ. ಕಾವ್ಯದ ಶಿಖರ ಒಂದು ವ್ಯಾಜ್ಯ. ಗಡಿನಾಡಿನ ಹೊಸ ಊರುಗಳಲ್ಲಿ ಕಾನೂನೇ ಬಡವನ ಬಲವಾಗಿದ್ದ ಕಾಲದ ಕೇಳುಗರಿಗೆ ಇದಕ್ಕಿಂತ ರೋಮಾಂಚನದ ದೃಶ್ಯ ಬೇರೆ ಇರಲಾರದು.

ಆ ನ್ಯಾಯಸಭೆ ನಡೆದ ತೊಲೇದೊ 1085ರಲ್ಲಿ ಕ್ರೈಸ್ತರ ಕೈಸೇರಿತ್ತು. ಅದಕ್ಕೆ ಹಿಂದಿನ ತಲೆಮಾರಿನಲ್ಲಿ ಅಲ್ಲಿ ಸಾಯಿದ್ ಅಲ್ ಅಂದಲೂಸಿ ಎಂಬ ಖಾಜಿ ಇದ್ದ. 1068ರಲ್ಲಿ ಅವನು ಜ್ಞಾನವನ್ನು ಬೆಳೆಸಿದ ಜನಾಂಗಗಳ ಚರಿತ್ರೆ ಬರೆದಾಗ ಮೊದಲ ಸ್ಥಾನ ಕೊಟ್ಟದ್ದು ಭಾರತೀಯರಿಗೆ. ಅವರ ಅಂಕಗಣಿತವನ್ನು, ಕಲೀಲಾ ಮತ್ತು ದಿಮ್ನಾ ಕಥೆಗಳನ್ನು ಮೆಚ್ಚಿ ಹೆಸರಿಸುತ್ತಾನೆ. ದೂರದ ನಾಡಾದ್ದರಿಂದ ಅವರ ಪುಸ್ತಕಗಳು ತಮ್ಮಲ್ಲಿಗೆ ಕೆಲವೇ ಬಂದಿವೆಯೆಂದು ಕೊರಗುತ್ತಾನೆ. ನಗರ ಕೈಬದಲಾದ ಮೇಲೆ ಅದರ ಅರಬ್ಬಿ ಪುಸ್ತಕಗಳನ್ನು ಅರಸಿ ಯುರೋಪಿನ ಪಂಡಿತರು ಬಂದರು. ಕ್ರೆಮೋನಾದ ಜೆರಾರ್ಡ್ ಬಂದದ್ದು ಟಾಲೆಮಿಯ ಖಗೋಳಗ್ರಂಥಕ್ಕಾಗಿ. 1187ರಲ್ಲಿ ಸಾಯುವವರೆಗೆ ಭಾಷಾಂತರಿಸುತ್ತಲೇ ಇದ್ದ. ಹಲವು ಬಾರಿ ಕೆಲಸ ಜೋಡಿಯಾಗಿ ನಡೆಯುತ್ತಿತ್ತು. ಅರಬ್ಬಿ ಬಲ್ಲ ಯಹೂದಿಯೋ, ಅರಬ್ಬಿ ರೀತಿನೀತಿಯ ಕ್ರೈಸ್ತನಾದ ಮೊಸಾರಬನೋ ಪುಸ್ತಕವನ್ನು ಊರಿನ ಆಡುಮಾತಿಗೆ ಬಾಯಲ್ಲಿ ಹೇಳುವುದು, ಪಕ್ಕದಲ್ಲಿ ಕೂತ ಪಾದ್ರಿ ಅದನ್ನು ಲ್ಯಾಟಿನ್ನಿಗೆ ಇಳಿಸಿ ಬರೆಯುವುದು.

ಹದಿಮೂರನೆಯ ಶತಮಾನದಲ್ಲಿ ಹತ್ತನೆಯ ಅಲ್ಫೊನ್ಸೊ, ಜನ ವಿದ್ವಾಂಸ ದೊರೆ ಎಂದು ಕರೆದವನು, ಈ ಪದ್ಧತಿಯಲ್ಲಿ ಒಂದು ಬದಲಾವಣೆ ಮಾಡಿದ. ನಡುವೆ ಬಾಯಲ್ಲಿ ಹೇಳಿ ಕಳೆದುಹೋಗುತ್ತಿದ್ದ ಕಸ್ತೀಲಿಯನ್ ಮಾತನ್ನೇ ಬರೆದಿಡಿ ಎಂದ. ಕಾನೂನು, ಚರಿತ್ರೆ, ಖಗೋಳದ ಕೋಷ್ಟಕ, ರತ್ನಶಾಸ್ತ್ರ ಎಲ್ಲವೂ ಆ ಮಾತಿನಲ್ಲಿ ಬಂದವು. ಯೆಹೂದಾ ಬೆನ್ ಮೋಶೆ, ಇಸಾಕ್ ಇಬ್ನ್ ಸಿದ್ ಮೊದಲಾದ ಯಹೂದಿ ವಿದ್ವಾಂಸರು ಅವನ ಬಲಗೈ. ಕಾಸ್ತ್ರೊ ಹೇಳುವ ಕಾರಣ ನನಗೆ ಒಪ್ಪಿಗೆ: ಲ್ಯಾಟಿನ್ ಇಗರ್ಜಿಯ ಭಾಷೆ, ಯಹೂದಿ ಪಂಡಿತರಿಗೆ ಅದರ ಮೇಲೆ ಒಲವಿರಲಿಲ್ಲ, ಮೂರೂ ಮತದವರಿಗೆ ಸಮನಾಗಿ ಸೇರಿದ್ದು ಆಡುಮಾತೊಂದೇ. ಸ್ಪ್ಯಾನಿಷ್ ಗದ್ಯ ಹೀಗೆ ಭಾಷಾಂತರದ ನಡುಮೆಟ್ಟಿಲಿನ ಮೇಲೆ ಹುಟ್ಟಿತು.

ಅದರ ಮೊದಲ ಫಲಗಳಲ್ಲೊಂದು ನಮ್ಮ ಪಂಚತಂತ್ರ. ಆರನೆಯ ಶತಮಾನದಲ್ಲಿ ಪರ್ಷಿಯದ ವೈದ್ಯ ಬುರ್ಜೋಯ್ ಅದನ್ನು ಪಹ್ಲವಿಗೆ ಒಯ್ದ, ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫಾ ಅರಬ್ಬಿಗೆ ತಂದ. ಕರಟಕ ದಮನಕರು ಕಲೀಲಾ ದಿಮ್ನಾ ಆದರು. 1251ರ ಸುಮಾರಿಗೆ, ಇನ್ನೂ ಯುವರಾಜನಾಗಿದ್ದ ಅಲ್ಫೊನ್ಸೊ ಹೇಳಿ ಕಸ್ತೀಲಿಯನ್ನಿಗೆ ಮಾಡಿಸಿದ. ಎರಡು ವರ್ಷಗಳ ನಂತರ ಅವನ ತಮ್ಮ ಫದ್ರೀಕೆ ಮೂಡಣದ ಇನ್ನೊಂದು ಕಥಾಮಾಲೆ ಸೆಂದೇಬಾರ್ ಮಾಡಿಸಿದ. ಇದಕ್ಕೆ ಎರಡು ಶತಮಾನ ಮೊದಲೇ, ಸುಮಾರು 1031ರಲ್ಲಿ, ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ ಪಂಚತಂತ್ರವನ್ನು ಕನ್ನಡ ಚಂಪುವಾಗಿಸಿದ್ದ. ಕೊರ್ದೊಬಾದ ಖಲೀಫಗಿರಿ ಕುಸಿದುಬಿದ್ದ ವರ್ಷವೂ 1031. ದುರ್ಗಸಿಂಹ ಹಿಡಿದದ್ದು ವಿಷ್ಣುಶರ್ಮನ ಪರಂಪರೆಯಲ್ಲ, ವಸುಭಾಗಭಟ್ಟನದು. ಅದು ಜಾವಾ ಕಡೆಗೆ ಹೋದ ಕವಲು. ಪಶ್ಚಿಮಕ್ಕೆ ಹೋದ ಕವಲಿನ ಕೊನೆಯ ನಿಲ್ದಾಣಗಳಲ್ಲಿ ತೊಲೇದೊ ಒಂದು. ಈ ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕತೆಕತೆಯಾಗಿ ಹೋಲಿಸುವ ಕೆಲಸಕ್ಕೆ ಕನ್ನಡದ ವಿದ್ಯಾರ್ಥಿಯಷ್ಟು ಅನುಕೂಲ ಯಾರಿಗಿದೆ?

ಹಿಟ್ಟಿನ ಮಡಕೆ ಎದುರಿಗಿಟ್ಟುಕೊಂಡು ಕನಸು ಕಂಡ ಬ್ರಾಹ್ಮಣನ ಕತೆಯನ್ನೇ ನೋಡಿ. ಕಲೀಲಾದಲ್ಲಿ ಅವನು ವಿರಕ್ತ, ತಲೆಯ ಮೇಲೆ ತೂಗುಹಾಕಿದ ಗಡಿಗೆಯಲ್ಲಿ ಜೇನು ಮತ್ತು ಬೆಣ್ಣೆ. 1335ರಲ್ಲಿ ಅಲ್ಫೊನ್ಸೊನ ತಮ್ಮನ ಮಗ ದೋನ್ ಹ್ವಾನ್ ಮನ್ವೆಲ್ ಬರೆದು ಮುಗಿಸಿದ ಕೊಂದೆ ಲುಕನೋರ್ ಕಥಾಸಂಗ್ರಹದ ಏಳನೆಯ ಕತೆಯಲ್ಲಿ ಆ ವಿರಕ್ತ ಹೋಗಿ ತ್ರುಹಾನಾ ಎಂಬ ಹೆಂಗಸು ಬಂದಿದ್ದಾಳೆ. ಜೇನಿನ ಗಡಿಗೆ ಹೊತ್ತು ಸಂತೆಗೆ ಹೊರಟವಳು ದಾರಿಯಲ್ಲೇ ಮೊಟ್ಟೆ, ಕೋಳಿ, ಕುರಿ ಕೊಂಡು ಸಿರಿವಂತಳಾಗುತ್ತಾಳೆ. ಮಕ್ಕಳ ಮದುವೆ ಮಾಡಿ, ಅಳಿಯಂದಿರು ಸೊಸೆಯಂದಿರ ನಡುವೆ ಬೀದಿಯಲ್ಲಿ ನಡೆಯುತ್ತಾಳೆ. ಹಿಗ್ಗಿ ನಕ್ಕು ಹಣೆಗೆ ಕೈ ಬಡಿದಾಗ ಗಡಿಗೆ ಕೆಳಗೆ. ಹೊಸದಾಗಿ ಬಂದದ್ದು ಆ ಬೀದಿ: ತನ್ನನ್ನು ನೋಡಿ ಊರವರು ಏನೆನ್ನುತ್ತಾರೆಂಬ ಕಾತರ. ಬ್ರಾಹ್ಮಣನ ಕನಸು ಮನೆಯೊಳಗೇ ಮುಗಿದರೆ ಇವಳದು ಬೀದಿಗೆ ಬರುತ್ತದೆ. ಕತೆ ಸಾವಿರಾರು ಮೈಲಿ ನಡೆದು ಕಸ್ತೀಲಿಯದ ಪೇಟೆಯ ಹೆಂಗಸಾಗಿ ನಿಂತದ್ದು ಕಣ್ಣಿಗೆ ಕಟ್ಟುತ್ತದೆ. ಇದೇ ದೋನ್ ಹ್ವಾನ್ ಮನ್ವೆಲ್ ಬರೆದ ಲಿಬ್ರೊ ದೆ ಲೊಸ್ ಎಸ್ತಾದೊಸ್ ಪುಸ್ತಕದ ಚೌಕಟ್ಟು, ಯುರೋಪು ಕ್ರೈಸ್ತ ಸಂತರ ಕತೆಯೆಂದು ನಂಬಿ ಓದುತ್ತಿದ್ದ ಬುದ್ಧನ ಜೀವನಕಥೆಯದು. ಲಿಪಿಕಾರರು ತಪ್ಪು ಮಾಡುತ್ತಾರೆಂಬ ಭಯದಿಂದ ಅವನು ತನ್ನ ಕೃತಿಗಳ ತಿದ್ದಿದ ಪ್ರತಿಯನ್ನು ಪೆನ್ಯಾಫಿಯೆಲ್ ಮಠದಲ್ಲಿ ಇಡಿಸಿದ್ದ. ಕಳೆದುಹೋದದ್ದು ಆ ಪ್ರತಿಯೇ.

ಅಲ್ಫೊನ್ಸೊ ಸಾಯುವ ಹಿಂದಿನ ವರ್ಷ, 1283ರಲ್ಲಿ, ಸೆವಿಯಾದಲ್ಲಿ ಸಿದ್ಧವಾದ ಚದುರಂಗದ ಸಚಿತ್ರ ಪುಸ್ತಕ ಎಸ್ಕೊರಿಯಾಲ್ ಗ್ರಂಥಾಲಯದಲ್ಲಿದೆ. 103 ಚದುರಂಗ ಸಮಸ್ಯೆಗಳ ಆ ಪುಸ್ತಕ ಆರಂಭವಾಗುವುದು ಭಾರತದ ಅರಸನ ಆಸ್ಥಾನದಲ್ಲಿ. ಬುದ್ಧಿ ಮೇಲೋ ಅದೃಷ್ಟ ಮೇಲೋ ಎಂದು ಮೂವರು ಪಂಡಿತರು ವಾದಿಸಿ, ಒಬ್ಬ ಚದುರಂಗ, ಒಬ್ಬ ದಾಳ, ಎರಡೂ ಬೇಕೆಂದ ಮೂರನೆಯವನು ದಾಳ ಎಸೆದು ಕಾಯಿ ನಡೆಸುವ ಆಟ ತಂದು ತೋರಿಸುತ್ತಾರೆ. ಚಿತ್ರಗಳಲ್ಲಿ ಮುಸ್ಲಿಮರು, ಕ್ರೈಸ್ತರು, ಯಹೂದಿಗಳು, ಹೆಂಗಸರು ಎದುರುಬದುರು ಕೂತು ಆಡುತ್ತಾರೆ.

ಉಳಿದ ದೊಡ್ಡ ಹೆಸರುಗಳನ್ನು ಇಲ್ಲಿ ಬೇಗ ದಾಟುತ್ತೇನೆ. ಸಾನ್ ಮಿಯಾನ್ ಮಠದ ನೆರಳಲ್ಲೇ ಬೆಳೆದ ಗೊನ್ಸಾಲೊ ದೆ ಬೆರ್ಸೆಯೊ, ಹೆಸರು ತಿಳಿದ ಮೊದಲ ಕಸ್ತೀಲಿಯನ್ ಕವಿ. ಮೇರಿಮಾತೆಯ ಪವಾಡಗಳನ್ನು ಹದಿನಾಲ್ಕು ಅಕ್ಷರದ ಸಾಲುಗಳ ಚೌಪದಿಯಲ್ಲಿ ಹಾಡಿದವನು. ಹದಿನಾಲ್ಕನೆಯ ಶತಮಾನದ ಹ್ವಾನ್ ರುಯಿಸ್, ಪಾದ್ರಿಯಾಗಿದ್ದೂ ಪ್ರೇಮದ ಪುಸ್ತಕ ಬರೆದವನು. ಅವನಿಗೆ ಒಂದು ಪ್ರತ್ಯೇಕ ಲೇಖನವೇ ಬೇಕು. ಅದೇ ಶತಮಾನದ ಯಹೂದಿ ಕವಿ ಸೆಮ್ ತೋಬ್, ಕ್ರೂರಿಯೆಂದು ಹೆಸರಾದ ದೊರೆ ಪೇದ್ರೊಗೆ ನೀತಿಯ ಪದ್ಯಗಳನ್ನು ಅರ್ಪಿಸಿದ; ಅವುಗಳ ಹೀಬ್ರೂ ಲಿಪಿಯ ಪ್ರತಿಯೊಂದು ಕೇಂಬ್ರಿಜ್‌ನಲ್ಲಿದೆ. ಬೆರ್ಸೆಯೊನ ಚೌಪದಿಯಲ್ಲೇ ಮುಸ್ಲಿಂ ಕವಿಯೊಬ್ಬ ಕುರಾನಿನ ಯೂಸುಫನ ಕತೆ ಬರೆದಿದ್ದಾನೆ. ಭಾಷೆ ಅರಗೋನಿನ ಸ್ಪ್ಯಾನಿಷ್, ಲಿಪಿ ಅರಬ್ಬಿ.

ಹೀಗೆ ಅರಬ್ಬಿ ಲಿಪಿಯಲ್ಲಿ ಬರೆದ ಸ್ಪ್ಯಾನಿಷ್ ಮುಂದಿನ ಕಾಲದಲ್ಲಿ ಜೀವಕ್ಕೆ ಎರವಾಗುವ ಸಂಗತಿಯಾಯಿತು. 1492ರಲ್ಲಿ ಗ್ರನಾದಾ ಬಿತ್ತು, ಯಹೂದಿಗಳನ್ನು ಹೊರಹಾಕುವ ಆಜ್ಞೆ ಹೊರಟಿತು, ಅದೇ ವರ್ಷದ ಆಗಸ್ಟಿನಲ್ಲಿ ನೆಬ್ರಿಹಾ ಎಂಬ ಪಂಡಿತನ ಕಸ್ತೀಲಿಯನ್ ವ್ಯಾಕರಣ ಅಚ್ಚಾಯಿತು. ಸುಮಾರು 1500ರಲ್ಲಿ ಆರ್ಚ್‌ಬಿಷಪ್ ಸಿಸ್ನೇರೊಸ್ ಗ್ರನಾದಾದಲ್ಲಿ ಅರಬ್ಬಿ ಪುಸ್ತಕಗಳನ್ನು ಸುಡಿಸಿದ. ವೈದ್ಯದ ಪುಸ್ತಕಗಳಷ್ಟೇ ಉಳಿದವು. ಬಲವಂತದಿಂದ ಕ್ರೈಸ್ತರಾದ ಮೊರಿಸ್ಕೊಗಳು ಮನೆಯೊಳಗೆ ಹಳೆಯ ಲಿಪಿಯಲ್ಲಿ ಬರೆಯುತ್ತಲೇ ಇದ್ದರು, 1609ರಿಂದ 1614ರ ನಡುವೆ ಅವರನ್ನೂ ಗಡೀಪಾರು ಮಾಡುವವರೆಗೆ. 1884ರಲ್ಲಿ ಅರಗೋನಿನ ಅಲ್ಮೊನಾಸಿದ್ ದೆ ಲಾ ಸಿಯೆರ್ರಾ ಎಂಬ ಊರಲ್ಲಿ ಹಳೆಯ ಮನೆಯೊಂದನ್ನು ಕೆಡವಿದಾಗ ಸುಳ್ಳು ನೆಲದ ಕೆಳಗೆ ಅಂಥ ಹಸ್ತಪ್ರತಿಗಳ ದೊಡ್ಡ ರಾಶಿ ಸಿಕ್ಕಿತು. ಏನೆಂದು ತಿಳಿಯದೆ ಕೆಲವನ್ನು ಸುಟ್ಟೂ ಬಿಟ್ಟರು. ಉಳಿದವನ್ನು ಇಂದಿಗೂ ಸಂಪಾದಿಸುತ್ತಿದ್ದಾರೆ.

ಯಹೂದಿಗಳು ಹೊರಡುವಾಗ ಒಯ್ದದ್ದರಲ್ಲಿ ಹಾಡುಗಳಿದ್ದವು. ರೊಮಾನ್ಸೆ ಎಂಬ ಲಾವಣಿಗಳು ಸಲೋನಿಕಾ, ಸರಾಯೆವೊ, ತೆತುವಾನ್‌ಗಳ ಮನೆಗಳಲ್ಲಿ ತಾಯಿಯಿಂದ ಮಗಳಿಗೆ ಇಳಿದವು. ಸೈನ್ಯಾಧಿಕಾರಿಯೂ ಸಂಗೀತಗಾರನೂ ಆಗಿದ್ದ ಮನ್ವೆಲ್ ಮನ್ರೀಕೆ ದೆ ಲಾರಾ 1911ರಲ್ಲಿ ಬಾಲ್ಕನ್ ನಾಡುಗಳನ್ನು ಸುತ್ತಿ ಅವನ್ನು ಬರೆದುಕೊಂಡ. ಸಲೋನಿಕಾದ ಯಹೂದಿಗಳನ್ನು 1943ರಲ್ಲಿ ನಾಜಿಗಳು ಆಶ್ವಿಟ್ಸ್‌ಗೆ ಸಾಗಿಸಿದರು. ಹಾಡುವವರಲ್ಲಿ ಬಹುಪಾಲು ತಿರುಗಿ ಬರಲಿಲ್ಲ. ಮನ್ರೀಕೆಯ ಕಟ್ಟುಗಳು ಇಂದು ಎಷ್ಟು ಬೆಲೆಬಾಳುತ್ತವೆಂದು ಬೇರೆ ಹೇಳಬೇಕಿಲ್ಲ.

ಕಸ್ತೀಲಿಯದಲ್ಲೇ ಇಂಥ ಹಾಡುಗಾರಿಕೆ ಸತ್ತುಹೋಯಿತೆಂದು ಪಂಡಿತರು ಬಗೆದಿದ್ದರು. 1900ರ ಮೇ ತಿಂಗಳಲ್ಲಿ ಸಾಹಿತ್ಯ ವಿದ್ವಾಂಸ ರಮೋನ್ ಮೆನೆಂದೆಸ್ ಪಿದಾಲ್ ಮತ್ತು ಮರಿಯಾ ಗೊಯ್ರಿ ಮದುವೆಯಾಗಿ, ಮಧುಚಂದ್ರಕ್ಕೆ ಸಿದ್ ಕಾವ್ಯದ ದಾರಿಯನ್ನೇ ಆರಿಸಿಕೊಂಡು ಹೊರಟರು. 28ರ ಸೂರ್ಯಗ್ರಹಣ ನೋಡಲೆಂದು ಓಸ್ಮಾದಲ್ಲಿ ಒಂದು ದಿನ ಹೆಚ್ಚು ಉಳಿದರು. ಬಟ್ಟೆ ಒಗೆಯುವ ಹೆಂಗಸೊಬ್ಬಳ ಜತೆ ಮಾತಾಡುತ್ತ ಮರಿಯಾ ಒಂದು ಹಳೆಯ ಲಾವಣಿ ಹೇಳಿದಾಗ, ಅದು ತನಗೂ ಬರುತ್ತದೆಂದಳು ಆಕೆ. ಇನ್ನೂ ಹಲವು ಬರುತ್ತವೆಂದು ಹಾಡತೊಡಗಿದಳು. ಅವುಗಳಲ್ಲೊಂದು 1497ರಲ್ಲಿ ಎಳೆಯ ಪ್ರಾಯದಲ್ಲೇ ತೀರಿಕೊಂಡ ಯುವರಾಜ ಹ್ವಾನ್ ಸಾವಿನ ಹಾಡು. ಯಾವ ಸಂಗ್ರಹದಲ್ಲೂ ಅಚ್ಚಾಗದೆ ನಾನೂರು ವರ್ಷ ಬರೀ ಬಾಯಲ್ಲಿ ಉಳಿದದ್ದು. ಅದು ಚರಿತ್ರೆಯ ಘಟನೆಯೆಂದು ಗುರುತಿಸಿದವಳು ಮರಿಯಾ. ಸ್ಪೇನಿನಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಸರಿಯಾಗಿ ತೆರೆಯದ ಕಾಲದಲ್ಲಿ ಅನುಮತಿ ಪಡೆದು ಓದಿದ ಹೆಂಗಸು ಆಕೆ. ಗಂಡನ ಹೆಸರಿನ ಹಿಂದೆ ಆಕೆಯ ಹೆಸರು ಮಂಕಾಗಿರುವುದು ನ್ಯಾಯವಲ್ಲ. ಅಲ್ಲಿಂದ ಮುಂದೆ ಇಬ್ಬರೂ ಬಾಳಿನುದ್ದಕ್ಕೂ ಲಾವಣಿ ಸಂಗ್ರಹಿಸಿದರು. 1977ರಲ್ಲಿ, ಲ್ಯಾಟಿನ್ ಪುಸ್ತಕದ ಅಂಚಿನ ಟಿಪ್ಪಣಿಗಳಿಗೆ ಸಹಸ್ರಮಾನದ ಉತ್ಸವ ನಡೆದ ವರ್ಷವೇ, ಅವರ ಮೊಮ್ಮಗ ದಿಯೇಗೊ ಕತಲಾನ್ ಧ್ವನಿಮುದ್ರಣ ಯಂತ್ರಗಳೊಂದಿಗೆ ವಿದ್ಯಾರ್ಥಿಗಳ ತಂಡ ಕಟ್ಟಿಕೊಂಡು ಉತ್ತರದ ಹಳ್ಳಿಗಳಿಗೆ ಹೋದರು. ಹಾಡುವವರು ಆಗಲೂ ಸಿಕ್ಕರು.